ರಾಣಿಯ ನಿಲುವಂಗಿ ಮತ್ತು ಬ್ಯಾಡಗಿಯ ಕೆಂಪು

1991ರಲ್ಲಿ ನಾನು ಧಾರವಾಡದ ಒಂದು ವಸ್ತುಸಂಗ್ರಹಾಲಯದಲ್ಲಿ ಚಿತ್ರ ಸಂರಕ್ಷಕಿಯಾಗಿದ್ದೆ. ಹುದ್ದೆಯ ಹೆಸರು ಕೇಳಲು ದೊಡ್ಡದು. ಕೆಲಸವೆಂದರೆ ಹಳೆಯ ಚಿತ್ರಗಳ ಮೇಲಿನ ಧೂಳು, ಹೊಗೆ, ಬೂಷ್ಟು ತೆಗೆಯುವುದು, ಹರಿದ ಕ್ಯಾನ್ವಾಸಿಗೆ ಹಿಂದಿನಿಂದ ತೇಪೆ ಹಚ್ಚುವುದು, ಮಾಡಿದ್ದನ್ನೆಲ್ಲ ವರದಿಯಲ್ಲಿ ಬರೆದಿಡುವುದು. ರಾಣೆಬೆನ್ನೂರಿನಲ್ಲಿದ್ದ ನನ್ನ ಅವ್ವ ನೆರೆಹೊರೆಯವರಿಗೆ "ನಮ್ಮ ಹುಡುಗಿ ಫೋಟೋ ಒರಸೋ ನೌಕರಿ ಮಾಡ್ತಾಳ" ಎಂದೇ ಹೇಳುತ್ತಿದ್ದಳು. ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹನ್ನೆರಡು ವರ್ಷ ಸರ್ವೀಸಾಗಿತ್ತು, ಒಂದು ಚಿತ್ರವನ್ನೂ ಕೆಡಿಸಿರಲಿಲ್ಲ, ಆ ಜಂಬ ನನ್ನಲ್ಲಿ ಸಾಕಷ್ಟಿತ್ತು.

ಆ ವರ್ಷ ಆಗಸ್ಟ್‌ನಲ್ಲಿ ಬ್ಯಾಡಗಿಯಿಂದ ನಮ್ಮ ಕಚೇರಿಗೆ ಒಂದು ಪತ್ರ ಬಂತು. ಬರೆದವರು ಚನ್ನಬಸಪ್ಪ ಎಂಬ ಮೆಣಸಿನಕಾಯಿ ದಲಾಲರು. ರೈತರು ತಂದ ಕಾಯಿಯನ್ನು ತಮ್ಮ ಅಂಗಡಿಯಲ್ಲಿ ಇಳಿಸಿಕೊಂಡು, ಗುಣ ನೋಡಿ ಬೇರೆ ಬೇರೆ ರಾಶಿ ಮಾಡಿ, ಖರೀದಿದಾರರಿಗೆ ತೋರಿಸುವುದು ಅವರ ಉದ್ಯೋಗ. ಅಂಗಡಿ ಅಜ್ಜನ ಕಾಲದ್ದು. ಮಾರ್ಕೆಟ್ ಯಾರ್ಡಿನಲ್ಲಿ ಹೊಸ ಕಟ್ಟಡ ಎದ್ದಿದೆ, ಅಲ್ಲಿಗೆ ಹೋಗುವ ಮೊದಲು ಅಂಗಡಿಯಲ್ಲಿರುವ ಇಂಗ್ಲೆಂಡ್ ರಾಣಿಯ ದೊಡ್ಡ ಎಣ್ಣೆಬಣ್ಣದ ಚಿತ್ರವನ್ನು ಚೊಕ್ಕ ಮಾಡಿಸಬೇಕಾಗಿದೆ ಎಂದು ಬರೆದಿದ್ದರು. ಅನುಮತಿ ಪಡೆದು ಹೊರಗಿನ ಕೆಲಸವನ್ನೂ ಮಾಡಿಕೊಡುವ ಪದ್ಧತಿ ನಮ್ಮಲ್ಲಿತ್ತು. ಬ್ಯಾಡಗಿ ತವರಿಗೆ ಹತ್ತಿರವೆಂದು ಮೇಲಧಿಕಾರಿಗಳು ನನ್ನನ್ನೇ ಕಳಿಸಿದರು. ನಾನು ರಾಣೆಬೆನ್ನೂರಿನಲ್ಲಿ ಅವ್ವನ ಮನೆಯಲ್ಲಿ ಉಳಿದು, ಬೆಳಿಗ್ಗೆ ಬಸ್ಸು ಹಿಡಿದು ಬ್ಯಾಡಗಿಗೆ ಹೋಗಿ ಸಂಜೆ ಮರಳುವುದೆಂದು ಗೊತ್ತಾಯಿತು.

ಚಿತ್ರ ನೋಡಿದಾಗ ನಿಜಕ್ಕೂ ಬೆರಗಾದೆ. ಐದು ಅಡಿ ಎತ್ತರ, ಮೂರೂವರೆ ಅಡಿ ಅಗಲ. ರಾಣಿ ಸ್ವಲ್ಪ ಪಕ್ಕಕ್ಕೆ ತಿರುಗಿ ಕುಳಿತಿದ್ದಾಳೆ, ಬದಿಯ ಮೇಜಿನ ಮೇಲೆ ಕಿರೀಟ, ಹೆಗಲಿನಿಂದ ನೆಲದವರೆಗೆ ಇಳಿಬಿದ್ದ ಕೆಂಪು ಮಖಮಲ್ಲಿನ ನಿಲುವಂಗಿ, ಅದರ ಅಂಚಿಗೆ ಕಪ್ಪು ಚುಕ್ಕೆಯ ಬಿಳಿ ತುಪ್ಪಳ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ರಾಜಮನೆತನಗಳು ಒಬ್ಬರಿಗಿಂತ ಒಬ್ಬರು ಮುಂದಾಗಿ ಕರೆಸಿಕೊಳ್ಳುತ್ತಿದ್ದ ಒಬ್ಬ ಆಸ್ಥಾನ ಚಿತ್ರಕಾರನಿದ್ದ. ಅವನು ಈ ರಾಣಿಯನ್ನು ಅನೇಕ ಸಲ ಬರೆದಿದ್ದಾನೆ. ಹಾಗೆ ಬರೆದ ಒಂದು ಚಿತ್ರ ಅರಮನೆಯಲ್ಲಿ ಉಳಿದರೆ, ಅವನ ಕಾರ್ಯಾಗಾರದ ಶಿಷ್ಯರು ಅದರ ಪ್ರತಿಗಳನ್ನು ತೆಗೆದು ದೂರದ ಕಚೇರಿಗಳಿಗೂ ಬಂಗಲೆಗಳಿಗೂ ಕಳಿಸುತ್ತಿದ್ದರು. ಕ್ಯಾನ್ವಾಸಿನ ಹಿಂಬದಿಯಲ್ಲಿ ಲಂಡನ್ನಿನ ಬಣ್ಣದಂಗಡಿಯೊಂದರ ಮುದ್ರೆ ಇತ್ತು, ಸಹಿ ಇರಲಿಲ್ಲ. ಇದು ಅಂಥದೊಂದು ಪ್ರತಿ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬನ ಬಂಗಲೆಯ ಸಾಮಾನು ಹರಾಜಾದಾಗ ಚನ್ನಬಸಪ್ಪನವರ ಅಜ್ಜ, ಚಿತ್ರಕ್ಕಿಂತ ಹೆಚ್ಚಾಗಿ ಅದರ ಸಾಗವಾನಿ ಚೌಕಟ್ಟಿಗೆ ಮನಸೋತು, ಕೂಗಿ ಕೊಂಡಿದ್ದರಂತೆ.

ಮೂಲಚಿತ್ರವಲ್ಲವೆಂದು ಹೇಳಿದಾಗ ಚನ್ನಬಸಪ್ಪನವರ ಮುಖ ಒಂದು ಗಳಿಗೆ ಸಣ್ಣದಾಯಿತು.

"ಇರಲಿ ಬಿಡ್ರಿ ಮೇಡಂ. ಅಸಲಿ ಇರಲಿ, ನಕಲಿ ಇರಲಿ, ನಮ್ಮ ಅಂಗಡಿ ರಾಣಿ ಅಂದ್ರ ಅಕೀನ. ಚಂದಾಗಿ ಮಾಡಿ ಕೊಡ್ರಿ," ಎಂದರು. ಅವರು ಹೇಳಿದ್ದು ಅಷ್ಟೇ. ನಾನು ಕೇಳಿದ್ದೂ ಅಷ್ಟೇ.

ಎಣ್ಣೆಚಿತ್ರ ಒಣಗಿದ ಮೇಲೆ ಅದರ ಮೇಲೆ ತೆಳ್ಳಗೆ ವಾರ್ನಿಶ್ ಬಳಿಯುತ್ತಾರೆ. ಬಳಿದಾಗ ಅದು ಗಾಜಿನಂತೆ ತಿಳಿಯಾಗಿರುತ್ತದೆ, ವರ್ಷ ಕಳೆದಂತೆ ಹಳದಿಯಾಗಿ, ಕಂದಾಗಿ, ಕೆಳಗಿನ ಬಣ್ಣವನ್ನೆಲ್ಲ ಮಂಕು ಮಾಡುತ್ತದೆ. ಇಲ್ಲಿ ಅದರ ಮೇಲೆ ಊದಿನಕಡ್ಡಿಯ ಹೊಗೆ, ಮೆಣಸಿನಕಾಯಿಯ ಪುಡಿಧೂಳು ಕೂತಿದ್ದವು. ಇವೆಲ್ಲಕ್ಕೂ ಕಳಶವಿಟ್ಟಂತೆ ಇನ್ನೊಂದು ಪದರವಿತ್ತು, ಅಂಟಂಟಾಗಿ, ಕೊಳೆ ಕರಗಿಸುವ ಸಾಮಾನ್ಯ ಸಾಲ್ವೆಂಟಿಗೆ ಬಗ್ಗದ್ದು. ಅದು ಏನೆಂದು ತಿಳಿಯದೆ ಎರಡು ದಿನ ಒದ್ದಾಡಿದೆ. ಕಡೆಗೆ ಚನ್ನಬಸಪ್ಪನವರೇ ಹೇಳಿದರು. ಪ್ರತಿ ದೀಪಾವಳಿಗೆ ಅಂಗಡಿ ಪೂಜೆಯ ಮುಂಚೆ ರಾಣಿ ಮಿಂಚಲೆಂದು ಆಕೆಯನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಿದ್ದರಂತೆ. ಕುಸುಬಿ ಎಣ್ಣೆ ಒಣಗಿ ಗಟ್ಟಿಯಾಗುವ ಜಾತಿಯದು, ಒಣಗಿದಷ್ಟೂ ಕಪ್ಪಾಗುತ್ತದೆ. ಪ್ರೀತಿಯಿಂದ ವರ್ಷಕ್ಕೊಂದು ಪರದೆ ಎಳೆದಿದ್ದರು. ನಾನು ಮುಖ ಸಿಂಡರಿಸಿಕೊಂಡು ಅದನ್ನು ವರದಿಯಲ್ಲಿ ಬರೆದುಕೊಂಡೆ.

ಇನ್ನೊಂದನ್ನೂ ಬರೆದುಕೊಂಡೆ. ನಿಲುವಂಗಿಯ ಬಲಭಾಗದಲ್ಲಿ, ನಿಂತವರ ಎದೆಯೆತ್ತರಕ್ಕೆ, ಅಂಗೈಯಗಲದ ಜಾಗದಲ್ಲಿ ನೂರಾರು ಸಣ್ಣ ಗೀರುಗಳು, ಬೆರಳಿನ ಜಿಡ್ಡು. "ಅಜಾಗರೂಕತೆಯಿಂದ ಆದ ಹಾನಿ" ಎಂದು ಷರಾ ಹಾಕಿದೆ. ಐದು ಅಡಿ ಚಿತ್ರದಲ್ಲಿ ಅದೊಂದೇ ಜಾಗ ಏಕೆ ಸವೆದಿದೆ ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಕಚೇರಿಯ ಕ್ಯಾಮೆರಾದಲ್ಲಿ ಆಗ ಕಪ್ಪು ಬಿಳುಪು ರೋಲ್ ಮಾತ್ರ ಇರುತ್ತಿತ್ತು. ಎಂಟು ಫೋಟೋ ತೆಗೆದುಕೊಂಡು ಕೆಲಸ ಶುರುಮಾಡಿದೆ.

ಅದು ಸುಗ್ಗಿಯ ಕಾಲವಲ್ಲ. ಬ್ಯಾಡಗಿಗೆ ಹೊಸ ಕಾಯಿ ಬರುವುದು ಡಿಸೆಂಬರ್ ಹೊತ್ತಿಗೆ. ಯಾರ್ಡು ಬಿಕೋ ಎನ್ನುತ್ತಿತ್ತು, ಹಮಾಲರು ನೆರಳಿನಲ್ಲಿ ಚೌಕಾಬಾರ ಆಡುತ್ತಿದ್ದರು. ನಾನು ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕುಳಿತು, ಕಡ್ಡಿಗೆ ಸುತ್ತಿದ ಹತ್ತಿಯಿಂದ ಒಂದು ಸಲಕ್ಕೆ ಒಂದು ಅಂಗೈಯಷ್ಟು ಜಾಗ ತಿಳಿಗೊಳಿಸುತ್ತಿದ್ದೆ. ಕಾಯಿಯೇ ಇಲ್ಲದಿದ್ದರೂ ಗೋಡೆಯ ಘಾಟಿಗೆ ಸೀನು ನಿಲ್ಲುತ್ತಿರಲಿಲ್ಲ. ಮೊದಲು ಮುಖ, ಆಮೇಲೆ ಕೈ, ಆಮೇಲೆ ತುಪ್ಪಳ. ಐದನೆಯ ವಾರ ನಿಲುವಂಗಿಗೆ ಬಂದೆ. ಕಂದು ಕರಗಿ ಕೆಳಗಿನ ಕೆಂಪು ಹೊರಬಿದ್ದಾಗ ನನ್ನ ಕೈ ಕ್ಷಣಹೊತ್ತು ನಿಂತಿತು. ಅಷ್ಟು ಎಳೆಯ, ಅಷ್ಟು ಉಜ್ವಲ ಕೆಂಪು. ನೂರು ವರ್ಷದ ಹಿಂದೆ ಕುಂಚ ಇಟ್ಟವನ ಪಕ್ಕದಲ್ಲೇ ಕುಳಿತಂತೆ ಹಿಗ್ಗಾಯಿತು.

ಅರ್ಧಕ್ಕಿಂತ ಹೆಚ್ಚು ನಿಲುವಂಗಿ ಮುಗಿದ ದಿನ ಮಧ್ಯಾಹ್ನ ಒಬ್ಬ ಹಿರಿಯರು ಒಳಗೆ ಬಂದರು. ಬಿಳಿ ಗಡ್ಡ, ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಅಂಗಿ. ಹೆಸರು ಇಮಾಮಸಾಬ. ಅಂಗಡಿಯಲ್ಲಿ ನಲವತ್ತೆರಡು ವರ್ಷದಿಂದ ಕಾಯಿ ವಿಂಗಡಿಸುವ ಮುಖ್ಯಸ್ಥರು, ಮಳೆಗಾಲದಲ್ಲಿ ಮಗಳ ಊರಿಗೆ ಹೋಗಿದ್ದವರು ಅಂದೇ ಮರಳಿದ್ದರು. ಅವರು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಹೊಗಳಬಹುದೆಂದು ನಾನು ಕಾದೆ.

"ಅಕಿ ಮ್ಯಾಲಿನ ಅರಿವಿ ಬದಲಿ ಮಾಡೀರೇನ್ರಿ ಬಾಯಾರ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲರಿ, ಹೊಲಸು ತಗದೇನಿ. ಇದ ಖರೇ ಬಣ್ಣ," ಎಂದೆ.

ಅವರು ಜೇಬಿನಿಂದ ಒಂದು ಒಣ ಮೆಣಸಿನಕಾಯಿ ತೆಗೆದು, ನಾನು "ಅಜಾಗರೂಕತೆ" ಎಂದು ಬರೆದಿದ್ದ ಅದೇ ಜಾಗಕ್ಕೆ ಹಿಡಿದರು. ತಲೆ ಅತ್ತ ಇತ್ತ ಓರೆಮಾಡಿ ನೋಡಿದರು. ಕಾಯಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೊರಗೆ ಹೋದರು.

ಸಂಗತಿ ತಿಳಿದದ್ದು ಚನ್ನಬಸಪ್ಪನವರಿಂದ. ಅವರ ಅಜ್ಜನ ಕಾಲದಲ್ಲಿ ರಾಶಿ ಮಾಡುವಾಗ ದಿನವೂ ಜಗಳವಂತೆ. ರೈತ ತನ್ನ ಕಾಯಿ ಕೆಂಪಗಿದೆ ಎನ್ನುವುದು, ಅಂಗಡಿಯವರು ಇಲ್ಲ ಎನ್ನುವುದು. ಅಜ್ಜ ಬೇಸತ್ತು, ರಾಣಿ ನಮ್ಮ ಕಡೆಯವಳೂ ಅಲ್ಲ, ನಿಮ್ಮ ಕಡೆಯವಳೂ ಅಲ್ಲ, ಆಕೆಯ ನಿಲುವಂಗಿಗೆ ಹಿಡಿದು ನೋಡಿ, ಕೂಡಿದರೆ ಮೊದಲನೇ ರಾಶಿ, ಕೂಡದಿದ್ದರೆ ಕಡಿಮೆ ದರದ ಎರಡನೇ ರಾಶಿ ಎಂದು ತೀರ್ಮಾನಿಸಿದರು. ಅಂದಿನಿಂದ ಆ ಅಂಗಡಿಯ ಮೊದಲನೇ ರಾಶಿಗೆ ರಾಣಿ ರಾಶಿ ಎಂದೇ ಹೆಸರು. ಮೇಡ್ಲೇರಿಯ ರೈತ ಇರಲಿ, ಕದರಮಂಡಲಗಿಯವನಿರಲಿ, ಯಾರೂ ಆ ತೀರ್ಪಿಗೆ ಎದುರು ಮಾತಾಡಿರಲಿಲ್ಲ.

"ಇದನ್ನ ನನಗ ಮೊದಲ ಯಾಕ ಹೇಳಲಿಲ್ಲರಿ?" ಎಂದೆ.

"ಅದರಾಗ ಹೇಳೂದೇನೈತ್ರಿ ಮೇಡಂ, ಇಡೀ ಬ್ಯಾಡಗಿಗೆ ಗೊತ್ತೈತಿ," ಎಂದರು ಅವರು. ಅವರಿಗೆ ಅದು ದೊಡ್ಡ ಚಿಂತೆಯಾಗಿಯೂ ಕಾಣಲಿಲ್ಲ. "ಇಮಾಮಕಾಕಾನ ಕಣ್ಣು ಐತಲ್ಲ. ಚಿತ್ರ ಇಲ್ಲದಿದ್ರೂ ಅಂವ ಹೇಳತಾನ."

ಮರುದಿನ ನಾನು ಹೋಗುವ ಹೊತ್ತಿಗೆ ಇಮಾಮಸಾಬರು ಪಡಸಾಲೆಯ ಕಟ್ಟೆಯ ಮೇಲೆ ನನಗಾಗಿ ಕಾದಿದ್ದರು. ಚನ್ನಬಸಪ್ಪ ಹಾವೇರಿಗೆ ಹೋಗಿದ್ದರು, ಅಲ್ಲಿ ನಾವಿಬ್ಬರೇ.

"ಕುಂದ್ರಿ ಬಾಯಾರ. ಒಂದು ಮಾತು ಹೇಳತೇನಿ, ನಿಮ್ಮ ಹೊಟ್ಟ್ಯಾಗ ಇರಲಿ," ಎಂದರು. "ನನ್ನ ಬಲಗಣ್ಣು ಹೋಗಿ ನಾಕು ವರ್ಷಾತು. ಎಡಗಣ್ಣಾಗ ಪರದಾ ಬಂದೈತಿ. ಎಲ್ಲಾ ಚಾದಾಗ ಅದ್ದಿದಂಗ ಕಾಣತೈತಿ. ಬರೇ ಕಾಯಿ ಕೈಯಾಗ ಕೊಟ್ಟರ ಅದರ ಬಣ್ಣ ಏನಂತ ನಾ ಹೇಳಲಾರೆ."

"ಮತ್ತ ಇಷ್ಟು ದಿನ?"

"ಅಕಿ ನಿಲುವಂಗಿಗೆ ಹಿಡದು ನೋಡತಿದ್ನಿ. ಎರಡರ ಮ್ಯಾಲೂ ಅದ ಮಬ್ಬು. ಒಂದಕ್ಕೊಂದು ಕೂಡ್ಯಾವೋ ಇಲ್ಲೋ, ಅಷ್ಟ ನೋಡೂದು. ಅದರಾಗ ನಾ ಇನ್ನೂ ಒಂದ ಸಲಾನೂ ತಪ್ಪಿಲ್ಲ. ಈಗ ರಾಣಿ ರಾಶಿ ಕಾಯಿ ಅಕಿಗೆ ಕೂಡವಲ್ದು." ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು, "ಚನ್ನಬಸಪ್ಪ ಒಳ್ಳೇ ಮನಿಷಾ. ಗೊತ್ತಾದ್ರ ನನ್ನ ಬಿಡಸೂದಿಲ್ಲ. ಮೂಲ್ಯಾಗ ಒಂದು ಕುರ್ಚಿ ಹಾಕಿ, ಚಾ ತರಿಸಿ ಕೊಡತಾನ. ಅದು ಬ್ಯಾಡ ಯವ್ವಾ ನನಗ."

ಆಪರೇಶನ್ ಯಾಕೆ ಮಾಡಿಸಿಕೊಳ್ಳಲಿಲ್ಲ ಎಂದು ಕೇಳಿದೆ. ಅವರ ಅಣ್ಣನದು ಹಾಗೇ ಮಾಡಿಸಿ ಇದ್ದ ಕಣ್ಣೂ ಹೋಯಿತಂತೆ. ಆ ಹೆದರಿಕೆ ಅವರನ್ನು ಬಿಟ್ಟಿರಲಿಲ್ಲ.

ನಮ್ಮ ವೃತ್ತಿಯಲ್ಲಿ ಕೆಲವು ಕಟ್ಟುಪಾಡುಗಳಿವೆ. ಚಿತ್ರಕಾರ ಹಚ್ಚಿದ ಬಣ್ಣವನ್ನು ಹೊರಗೆ ತರಬೇಕು, ನಮ್ಮ ಬಣ್ಣವನ್ನು ಅದರ ಮೇಲೆ ಹೇರಬಾರದು. ಬೇಕೇ ಬೇಕಾದರೆ ಮುಂದೆ ಯಾರಾದರೂ ಸುಲಭವಾಗಿ ತೆಗೆದುಹಾಕುವಂಥದನ್ನು ಮಾತ್ರ ಹಚ್ಚಬಹುದು, ಅದನ್ನು ರಿವರ್ಸಿಬಲ್ ಎನ್ನುತ್ತೇವೆ. ತೆಗೆದ ಕೊಳೆಯನ್ನು ಮತ್ತೆ ಹಚ್ಚಿದವರ ಕತೆಯನ್ನು ನಾನಂತೂ ಕೇಳಿರಲಿಲ್ಲ. ಆ ದಿನ ಕೆಲಸ ಮಾಡಲಾಗಲಿಲ್ಲ. ಬೇಗ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋಗಿ ಅವ್ವನ ಅಡುಗೆಮನೆಯಲ್ಲಿ ಸುಮ್ಮನೆ ಕುಳಿತೆ. ಎಪ್ಪತ್ತರ ಹತ್ತಿರದ ಮನುಷ್ಯನ ಮರ್ಯಾದೆ ನನ್ನ ಹತ್ತಿಯ ಕಡ್ಡಿಯಿಂದ ಕರಗಿ ಹೋಗಿತ್ತು. ಅದನ್ನು ಹಾಗೆಯೇ ಬಿಟ್ಟು ಧಾರವಾಡಕ್ಕೆ ಹೋಗಲು ನನ್ನಿಂದಾಗುವಂತಿರಲಿಲ್ಲ.

ತೀರ್ಮಾನ ಹೀಗಾಯಿತು. ಚಿತ್ರವನ್ನು ಪೂರ್ತಿ ಶುಚಿ ಮಾಡಿ, ನಿಲುವಂಗಿಯ ಮೇಲೆ ಮಾತ್ರ ಸ್ವಲ್ಪ ಕಂದು ಬಣ್ಣ ಬೆರೆಸಿದ ಹೊಸ ವಾರ್ನಿಶ್ ಹಚ್ಚುವುದು. ಇದಕ್ಕೆ ಟೋನಿಂಗ್ ಎನ್ನುತ್ತಾರೆ, ಬೇಡವಾದಾಗ ಒಂದೇ ದಿನದಲ್ಲಿ ತೆಗೆಯಬಹುದು. ಆದರೆ ಎಷ್ಟು ಕಂದು? ಮೊದಲಿದ್ದ ಬಣ್ಣ ಯಾವುದೆಂಬುದಕ್ಕೆ ನನ್ನ ಹತ್ತಿರ ಕಪ್ಪು ಬಿಳುಪು ಫೋಟೋ ಬಿಟ್ಟು ಬೇರೆ ದಾಖಲೆ ಇರಲಿಲ್ಲ. ನಿಲುವಂಗಿಯಲ್ಲಿ ಇನ್ನೂ ಕೊಳೆ ತೆಗೆಯದ ಭಾಗ ಉಳಿದಿತ್ತು, ಆದರೆ ಅದೆಲ್ಲ ಚಿತ್ರಕಾರನೇ ಕಪ್ಪಾಗಿ ಬರೆದ ಮಡಿಕೆಯ ನೆರಳು, ಲೆಕ್ಕಕ್ಕೆ ಬರುವಂತಿರಲಿಲ್ಲ.

ದಾರಿ ತೋರಿಸಿದವರು ಇಮಾಮಸಾಬರೇ. "ಹ್ವಾದ ಸುಗ್ಗಿಯಾಗ ರಾಣಿಗೆ ಹಿಡದು ಆರಿಸಿದ ಕಾಯಿ ಕೋಲ್ಡ್ ಸ್ಟೋರೇಜಿನಾಗ ಐತ್ರಿ. ಅಲ್ಲಿ ಇಟ್ಟ ಕಾಯಿ ಬಣ್ಣ ಬಿಡೂದಿಲ್ಲ," ಎಂದರು. ನನ್ನ ಜೀವ ಹಗುರಾಯಿತು. ಹೋಗಿ ಒಂದು ಚೀಲ ತರಿಸಿಕೊಂಡೆವು. ತಣ್ಣಗೆ ಕೊರೆಯುತ್ತಿದ್ದ ಆ ಕಾಯಿಗಳೇ ಕಳೆದುಹೋದ ಬಣ್ಣಕ್ಕೆ ಉಳಿದಿದ್ದ ಸಾಕ್ಷಿ. ಅವರು ನಲವತ್ತು ವರ್ಷ ಕಾಯಿಯನ್ನು ಚಿತ್ರಕ್ಕೆ ಹಿಡಿದು ನೋಡಿದ್ದರು, ನಾನು ಚಿತ್ರವನ್ನು ಕಾಯಿಗೆ ಹಿಡಿದು ನೋಡತೊಡಗಿದೆ.

ಒಂಬತ್ತು ದಿನ ಹಿಡಿಯಿತು. ನಾನು ಒಂದು ಪದರ ಹಚ್ಚಿ ಒಣಗಿಸುವುದು, ಮರುದಿನ ಬೆಳಕು ಬಾಗಿಲಿಗೆ ಬಂದಾಗ ಅವರು ಕಾಯಿ ಹಿಡಿದು ನೋಡುವುದು. "ಇನ್ನೂ ಹಸೀ ಐತ್ರಿ," ಎನ್ನುವರು. "ಇನ್ನೆರಡು ಬಿಸಲು ಬೇಕು." ಅವರ ಮಾತೆಲ್ಲ ಕಾಯಿ ಒಣಗಿಸುವ ಕಣದ ಮಾತು, ಆದರೂ ನನಗೆ ಬೇಕಾದ ಅಳತೆ ಅದರಲ್ಲಿ ಸಿಗುತ್ತಿತ್ತು. ಒಂಬತ್ತನೆಯ ದಿನ ಕಾಯಿಯನ್ನು ನಿಲುವಂಗಿಗೆ ತಾಗಿಸಿ ನಿಂತವರು ಅದನ್ನು ಕೆಳಗಿಳಿಸಲೇ ಇಲ್ಲ.

"ಈಗ ಬಂತು ನೋಡ್ರಿ," ಎಂದರು. ನನ್ನ ಕಣ್ಣು ತುಂಬಿಬಂತು, ಅದಕ್ಕೆ ಘಾಟು ಕಾರಣವಲ್ಲ.

ಮುಖಕ್ಕೂ ನಿಲುವಂಗಿಗೂ ಹೊಂದಲಿ ಎಂದು ಟೋನಿಂಗ್ ಮಾಡಿದ್ದೇನೆ ಎಂದು ಚನ್ನಬಸಪ್ಪನವರಿಗೆ ಹೇಳಿದೆ. ಅದು ಸುಳ್ಳು. ಅವರು "ನೀವು ಬಲ್ಲವ್ರು" ಎಂದು ಒಪ್ಪಿಕೊಂಡರು. ಮೇಲಧಿಕಾರಿಗಳಿಗೆ ಕೊಟ್ಟ ವರದಿಯಲ್ಲೂ ಅದನ್ನೇ ಬರೆದೆ. ರಾಣಿ ಹೊಸ ಅಂಗಡಿಗೆ ಹೋದಳು, ಸುಗ್ಗಿ ಬಂತು, ಇಮಾಮಸಾಬರು ಎಂದಿನಂತೆ ರಾಶಿ ಮಾಡಿದರು. ಮೂರು ವರ್ಷ ಈ ಪ್ರಸಂಗ ನನ್ನ ಪಾಲಿಗೆ ಒಂದು ಗುಟ್ಟಿನ ಹೆಮ್ಮೆಯಾಗಿತ್ತು. ನಿಯಮಕ್ಕಿಂತ ಮನುಷ್ಯ ದೊಡ್ಡವನು ಎಂದು ಕಿರಿಯ ಸಹೋದ್ಯೋಗಿಗಳಿಗೆ, ಹೆಸರು ಮರೆಮಾಚಿ, ಉಪದೇಶ ಮಾಡಿದ್ದೂ ಉಂಟು.

1995ರ ಜನವರಿಯಲ್ಲಿ ಚನ್ನಬಸಪ್ಪನವರ ಕಾರ್ಡು ಬಂತು. ಮಳೆಗಾಲದಲ್ಲಿ ಇಮಾಮಸಾಬರ ಮಗಳು ಹಟ ಹಿಡಿದು ರಾಣೆಬೆನ್ನೂರಿನಲ್ಲಿ ಅವರ ಎಡಗಣ್ಣಿನ ಆಪರೇಶನ್ ಮಾಡಿಸಿದ್ದಾಳೆ, ಚೆನ್ನಾಗಿ ಆಗಿದೆ, ಅವರು ನಿಮ್ಮನ್ನು ಕೆಲಸದ ಸಾಮಾನು ಸಮೇತ ಒಮ್ಮೆ ಬಂದು ಹೋಗಲು ಹೇಳುತ್ತಿದ್ದಾರೆ ಎಂದಿತ್ತು. ಆ ಭಾನುವಾರವೇ ಹೊರಟೆ.

ಸುಗ್ಗಿಯ ಬ್ಯಾಡಗಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಯಾರ್ಡಿನ ತುಂಬ ಕೆಂಪು, ಅಂಗಡಿಯ ಮುಂದೆ ಚೀಲಗಳ ಮೇಲೆ ಕುಳಿತ ರೈತರು, ತಲೆಗೆ ಬಟ್ಟೆ ಸುತ್ತಿಕೊಂಡು ಕಾಯಿ ಆರಿಸುವ ಹೆಂಗಸರು. ದಪ್ಪ ಗಾಜಿನ ಕನ್ನಡಕ ಹಾಕಿದ ಇಮಾಮಸಾಬರು ನನ್ನನ್ನು ದೂರದಿಂದಲೇ ಗುರುತಿಸಿ ಕೈಯೆತ್ತಿದರು. ಕಣ್ಣಿನ ಸಂಗತಿಯನ್ನು ಚನ್ನಬಸಪ್ಪನವರಿಗೆ ಅವರೇ ಹೇಳಿಕೊಂಡಾಗಿತ್ತು.

"ಹೊಸಾ ಕಣ್ಣಿಗೆ ಅಕಿ ನಿಲುವಂಗಿ ಮಸಿ ಹತ್ತಿದಂಗ ಕಾಣಾಕತ್ತೈತಿ ಯವ್ವಾ," ಎಂದರು. "ನಾ ಈ ಅಂಗಡಿ ಸೇರಿದಾಗ ಹಿಂಗಿರಲಿಲ್ಲ. ನೀ ಹಚ್ಚಿದ್ದನ್ನ ತಗದು ಬಿಡು."

ಸಾಮಾನು ತಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಟೋನಿಂಗ್ ಎಲ್ಲ ಹತ್ತಿಗೆ ಬಂತು, ಎಳೆಯ ಕೆಂಪು ಮತ್ತೆ ಕಾಣಿಸಿತು. ಇಮಾಮಸಾಬರು ರಾಣಿ ರಾಶಿಯಿಂದ ಒಂದು ಕಾಯಿ ತಂದು ಹಿಡಿದರು. ಅದು ಕಪ್ಪಗೆ ಕಂಡಿತು. ಆಮೇಲೆ ಅವರು ಎರಡನೇ ರಾಶಿಗೆ ಹೋಗಿ ಒಂದು ಹಿಡಿ ಕಾಯಿ ತಂದರು. ಒಂದನ್ನು ಹಿಡಿದರು, ಇನ್ನೊಂದನ್ನು ಹಿಡಿದರು. ಎರಡೂ ನಿಲುವಂಗಿಯೊಳಗೆ ಬೆರೆತುಹೋದವು.

"ಇವು ರಾಣಿ ರಾಶಿವು," ಎಂದರು. ಅವರ ದನಿ ಸಣ್ಣದಾಗಿತ್ತು. "ಅಕಿ ವರ್ಷಾ ವರ್ಷಾ ಕಪ್ಪಾದ್ಲು. ನಾ ವರ್ಷಾ ವರ್ಷಾ ಕಪ್ಪು ಕಾಯಿ ಕೇಳಕೋತ ಬಂದೆ. ಎಷ್ಟು ಮಂದಿ ಚಲೋ ಕಾಯಿನ್ನ ಹಿಂದ ತಳ್ಳೇನಿ ನಾ?"

ಅವರು ಹೊರಗೆ ಹೋಗಿ, ಅಂದು ಬೆಳಿಗ್ಗೆ ತಾವೇ ಎರಡನೇ ರಾಶಿಗೆ ಹಾಕಿಸಿದ್ದ ಮೇಡ್ಲೇರಿಯ ರೈತನೊಬ್ಬನ ಎದುರು ನಿಂತು, "ನಂದು ತಪ್ಪಾಗೈತಿ ತಮ್ಮಾ, ನಿನ್ನ ಕಾಯಿ ಮೊದಲನೇದು," ಎಂದು ಹೇಳಿ, ಬುಟ್ಟಿ ತೆಗೆದುಕೊಂಡು ತಾವೇ ಆ ಕಾಯಿಯನ್ನು ರಾಣಿ ರಾಶಿಯ ಕಡೆಗೆ ಹೊರತೊಡಗಿದರು. ರೈತ ಕಕ್ಕಾಬಿಕ್ಕಿಯಾಗಿ ಅವರ ಕೈ ಹಿಡಿಯಲು ಹೋದ. ಅವರು ಬಿಡಿಸಿಕೊಂಡು ಮುಂದಿನ ಬುಟ್ಟಿ ತುಂಬಿದರು. ಅದಾದ ಮೇಲೆ ಆ ಅಂಗಡಿಯಲ್ಲಿ ಚಿತ್ರಕ್ಕೆ ಹಿಡಿದು ನೋಡುವುದು ನಿಂತಿತು. ರೈತನನ್ನು ಪಕ್ಕಕ್ಕೆ ಕೂಡಿಸಿಕೊಂಡು, ಆ ವರ್ಷದ ಕಾಯಿಗಳನ್ನೇ ಒಂದಕ್ಕೊಂದು ಹಿಡಿದು ರಾಶಿ ಮಾಡುವ ಪದ್ಧತಿಯನ್ನು ಇಮಾಮಸಾಬರೇ ತಂದರು.

ನಾನು ಧಾರವಾಡಕ್ಕೆ ಮರಳಿ ಹಳೆಯ ವರದಿಗೆ ಎರಡು ಪುಟ ಸೇರಿಸಿದೆ, ಸುಳ್ಳನ್ನು ಒಪ್ಪಿಕೊಂಡೆ. ನಿವೃತ್ತಳಾಗುವವರೆಗೂ ಒಂದು ವಸ್ತುವನ್ನು ಮುಟ್ಟುವ ಮೊದಲು ಅದನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಎಂದು ಕೇಳಿದ್ದೇನೆ. ಆ ಬಳಕೆಯಿಂದ ಕೋಣೆಯ ಹೊರಗೆ ಕುಳಿತ ಯಾರಿಗೆ ಏನಾಗುತ್ತದೆ ಎಂದೂ ಕೇಳಿದ್ದೇನೆ. ಬ್ಯಾಡಗಿಯಲ್ಲಿ ನನ್ನ ಕಣ್ಣೆದುರು ಒಬ್ಬ ಒಳ್ಳೆಯ ಮನುಷ್ಯ ಕುಳಿತಿದ್ದ, ಅವನ ಸಂಕಟ ನನಗೆ ಕಂಡಿತು. ಚೀಲಗಳ ಮೇಲೆ ಕುಳಿತವರು ಕಾಣಲಿಲ್ಲ. ಇಮಾಮಸಾಬರು ತಮ್ಮ ನಲವತ್ತು ವರ್ಷಗಳ ಬಗ್ಗೆ ಕಡೆಯವರೆಗೂ ಹಲುಬಿದರಂತೆ. ಆದರೆ ನಿಲುವಂಗಿ ಕಪ್ಪಾಗುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕಡೆಯ ನಾಲ್ಕು ಸುಗ್ಗಿಯ ಕಪ್ಪು ನನ್ನ ಕೈಯದು, ಮತ್ತು ಅದು ಖರೇ ಬಣ್ಣವಲ್ಲವೆಂದು ನನಗೆ ಗೊತ್ತಿತ್ತು.